ಟಿ.ವಿ.ಯ ಕಪ್ಪು ಪಟ್ಟಿ, ಹೋಗದ ನೆರಳು: ಸಾಲ ಕೇಳುವ ಮುಂಚೆ ಒಂದು ಪಾಠ



ಈ ಸಲದ ಪಾಠ ಟಿ.ವಿ.ಯ ಬಗ್ಗೆ. "ಉಳಿತಾಯ, ಆರೋಗ್ಯ, ಮಕ್ಕಳ ಶಿಕ್ಷಣ ಎಲ್ಲಾ ಬಿಟ್ಟು ಟಿ.ವಿ. ಯಾಕ್ರಿ ಸಿಸ್ಟರ್?" ಎಂದು ನೀವು ಕೇಳಬಹುದು. ಉಳಿತಾಯದ ಸಲುವಾಗಿಯೇ ಈ ಪಾಠ. ಸಿದ್ದಾಪುರ ಸುತ್ತಿನ ಸಂಘಗಳ ಸಾಲದ ಅರ್ಜಿಗಳನ್ನು ನೋಡುವಾಗ ಬೀಜ, ಗೊಬ್ಬರ, ಎಮ್ಮೆ, ಮಗಳ ಕಾಲೇಜಿನ ಫೀ ಇವುಗಳ ನಡುವೆ "ಟಿ.ವಿ. ಕೆಟ್ಟೈತಿ, ಹೊಸಾದು ತರಾಕ" ಎಂಬ ಅರ್ಜಿಯೂ ಬರುತ್ತದೆ. ಏನು ಕೆಟ್ಟಿದೆ ಎಂದು ವಿಚಾರಿಸಿದರೆ ಹೆಚ್ಚಾಗಿ ಎರಡು ಉತ್ತರ. ಒಂದು, "ಪರದಿ ಮ್ಯಾಲ ಕರೀ ಪಟ್ಟಿ ಬರಾಕತ್ತೈತಿ." ಇನ್ನೊಂದು, "ಚಾನೆಲ್ ಬದಲಿ ಮಾಡಿದ್ರೂ ಹಿಂದಿನ ಚಿತ್ರ ಹಂಗಽ ನಿಂತೈತಿ." ಎರಡಕ್ಕೂ ಯಾರೋ ಒಬ್ಬರು "ಪ್ಯಾನೆಲ್ ಹೋಗೈತಿ" ಎಂದು ಹೇಳಿರುತ್ತಾರೆ.

ಲೆಕ್ಕ ಹಾಕಿ ನೋಡೋಣ. 15,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದರೆ ಮೊದಲ ತಿಂಗಳ ಬಡ್ಡಿಯೇ 300 ರೂಪಾಯಿ. ನಾಟಿಗೆ, ಕಳೆ ತೆಗೆಯಲು ಕೂಲಿಗೆ ಹೋಗುವ ಹೆಣ್ಣುಮಗಳು ಅದನ್ನು ದುಡಿಯಬೇಕು. ಟಿ.ವಿ. ನಿಜವಾಗಿ ಕೆಟ್ಟಿದ್ದರೆ ಸಾಲ ತೆಗೆದುಕೊಳ್ಳುವುದು ಬಿಡುವುದು ಆ ಮನೆಯ ವಿಚಾರ, ನಾವು ಅಡ್ಡ ಬರುವುದಿಲ್ಲ. ಮನರಂಜನೆ ಬಡವರಿಗೆ ಬೇಡ ಎಂದು ಹೇಳುವವರ ಜೊತೆ ನಮಗೆ ಒಪ್ಪಿಗೆಯೂ ಇಲ್ಲ. ಆದರೆ ಕೆಡದೇ ಇದ್ದ ಟಿ.ವಿ.ಯನ್ನು ಕೆಟ್ಟಿದೆ ಎಂದು ನಂಬಿ ಸಾಲಕ್ಕೆ ಸಹಿ ಹಾಕುವುದನ್ನು ನೋಡಿ ಸುಮ್ಮನೆ ಕೂರಲು ಆಗುವುದಿಲ್ಲ.

ಪರದೆಯೊಳಗೆ ಏನಿದೆ

ಮೊದಲು ಒಂದು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. "ನಮ್ಮದು ಎಲ್.ಸಿ.ಡಿ. ಅಲ್ಲ, ಎಲ್.ಇ.ಡಿ." ಎಂದು ಬಹಳ ಜನ ಹೇಳುತ್ತಾರೆ. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಎಲ್.ಇ.ಡಿ. ಟಿ.ವಿ. ಕೂಡ ಎಲ್.ಸಿ.ಡಿ.ಯೇ. ಹಿಂದಿನ ದೀಪ ಮಾತ್ರ ಬೇರೆ. ಮೊದಲು ಸಣ್ಣ ಟ್ಯೂಬ್‌ಲೈಟಿನಂಥ ದೀಪ ಇರುತ್ತಿತ್ತು, ಈಗ ಎಲ್.ಇ.ಡಿ. ದೀಪಗಳ ಪಟ್ಟಿ ಇರುತ್ತದೆ. ಮುಂದಿನ ಪರದೆಯ ಕೆಲಸ ಎರಡರಲ್ಲೂ ಒಂದೇ.

ಎಡದಂಡೆ ಕಾಲುವೆಯ ನೀರು ಉಣ್ಣುವ ನಮಗೆ ಈ ಕೆಲಸ ತಿಳಿಯುವುದು ಕಷ್ಟವಲ್ಲ. ಹಿಂದಿನ ದೀಪವನ್ನು ಕಾಲುವೆ ಎಂದುಕೊಳ್ಳಿ. ಅದರಲ್ಲಿ ಬೆಳಕು ಸದಾ ಹರಿಯುತ್ತಿರುತ್ತದೆ. ಅದರ ಮುಂದೆ ಲಕ್ಷಗಟ್ಟಲೆ ಸಣ್ಣ ತೂಬುಗಳು. 768 ಅಡ್ಡ ಸಾಲು, 1366 ಉದ್ದ ಸಾಲು ಇರುವ 32 ಇಂಚಿನ ಟಿ.ವಿ.ಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳು. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ತೂಬು. ತೂಬಿನ ಬಾಗಿಲು ದ್ರವ ಸ್ಫಟಿಕ ಎಂಬ ವಸ್ತುವಿನದು. ಅದು ನೀರಿನಂತೆ ಹರಿಯುತ್ತದೆ, ಆದರೆ ಅದರ ಕಣಗಳು ಹರಳಿನ ಹಾಗೆ ಒಂದು ಶಿಸ್ತಿನಲ್ಲಿ ನಿಲ್ಲುತ್ತವೆ. ಸ್ವಲ್ಪ ವಿದ್ಯುತ್ ಕೊಟ್ಟರೆ ಆ ಕಣಗಳು ತಿರುಗುತ್ತವೆ, ಬೆಳಕು ಎಷ್ಟು ಬಿಡಬೇಕೋ ಅಷ್ಟು ಬಿಡುತ್ತವೆ. ತೂಬು ಪೂರ್ತಿ ಮುಚ್ಚಿದರೆ ಆ ಜಾಗ ಕಪ್ಪು.

ಈ ವಸ್ತುವಿನ ವಿಚಿತ್ರ ಗುಣವನ್ನು ಮೊದಲು ಗಮನಿಸಿದವರು 1888ರಲ್ಲಿ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯ ವಿಜ್ಞಾನಿ. ಅವರು ನೋಡುತ್ತಿದ್ದುದು ಗಜ್ಜರಿಯಿಂದ ತೆಗೆದ ಒಂದು ಪದಾರ್ಥ! ನಮ್ಮ ನಾಡಿನವರ ಪಾಲೂ ಇದರಲ್ಲಿ ದೊಡ್ಡದು. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಬಿಲ್ಲೆಯಾಕಾರದ ಕಣಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಎಂದು 1977ರಲ್ಲಿ ಅವರು ಮತ್ತು ಜೊತೆಗಾರರು ಜಗತ್ತಿಗೆ ತೋರಿಸಿದರು. ವಿಜ್ಞಾನ ಓದುವ ನಿಮ್ಮ ಮಕ್ಕಳಿಗೆ ಈ ಹೆಸರು ಹೇಳಿರಿ.

ಮೊದಲು ಮೆನು ಗುಂಡಿ ಒತ್ತಿ

ಪರದೆಯ ಮೇಲೆ ಏನೇ ತೊಂದರೆ ಕಂಡರೂ ತಪ್ಪು ಮೂರು ಕಡೆ ಇರಬಹುದು. ಚಾನೆಲ್‌ನವರು ಕಳಿಸಿದ ಚಿತ್ರದಲ್ಲಿ, ಸೆಟ್ ಟಾಪ್ ಬಾಕ್ಸ್ ಅಥವಾ ಟಿ.ವಿ.ಯ ಹೊಂದಾಣಿಕೆಯಲ್ಲಿ, ಇಲ್ಲವೇ ಪರದೆಯಲ್ಲೇ. ದುಡ್ಡು ಖರ್ಚಾಗುವುದು ಮೂರನೆಯದಕ್ಕೆ ಮಾತ್ರ. ಇದನ್ನು ಬೇರ್ಪಡಿಸಲು ಯಾರನ್ನೂ ಕರೆಯಬೇಕಾಗಿಲ್ಲ.

ಟಿ.ವಿ.ಯ ರಿಮೋಟ್ ತೆಗೆದುಕೊಳ್ಳಿ. ಬಾಕ್ಸಿನ ರಿಮೋಟ್ ಅಲ್ಲ, ಟಿ.ವಿ.ಯದೇ ಆಗಬೇಕು. ಮೆನು ಗುಂಡಿ ಒತ್ತಿ. ಪರದೆಯ ಮೇಲೆ ಟಿ.ವಿ.ಯ ಸ್ವಂತ ಬರಹದ ಪಟ್ಟಿ ಮೂಡುತ್ತದೆ. ಈಗ ಕಪ್ಪು ಪಟ್ಟಿ ಇರುವ ಜಾಗ ನೋಡಿ. ಮೆನುವಿನ ಅಕ್ಷರಗಳು ಆ ಕಪ್ಪಿನ ಮೇಲೆಯೂ ಸ್ವಚ್ಛವಾಗಿ ಕಂಡರೆ ಪರದೆ ಗಟ್ಟಿಯಾಗಿದೆ ಎಂದರ್ಥ. ಅಲ್ಲಿಯ ತೂಬುಗಳು ಕೆಲಸ ಮಾಡುತ್ತಿವೆ, ಅವುಗಳಿಗೆ "ಮುಚ್ಚು" ಎಂದು ಅಪ್ಪಣೆ ಬಂದಿರುವುದರಿಂದ ಮುಚ್ಚಿವೆ, ಅಷ್ಟೇ. ಕಪ್ಪು ಪಟ್ಟಿ ಮೆನುವಿನ ಅಕ್ಷರಗಳನ್ನೂ ಕತ್ತರಿಸಿಕೊಂಡು ಹೋದರೆ ಮಾತ್ರ ಪರದೆಯ ದೋಷ. ಕೆಲವು ಟಿ.ವಿ.ಗಳಲ್ಲಿ ಮೆನು ನಡುವೆಯಷ್ಟೇ ಬರುತ್ತದೆ, ಅಂಚಿನ ತನಕ ಬರುವುದಿಲ್ಲ. ಆಗ ಪೆನ್ ಡ್ರೈವ್‌ನಲ್ಲಿ ಒಂದು ಫೋಟೋ ಹಾಕಿ ಪರದೆ ತುಂಬುವಂತೆ ತೋರಿಸಿ ನೋಡಿ. ಮೊಬೈಲನ್ನು ಅಡ್ಡ ಹಿಡಿದು ತೆಗೆದ ಫೋಟೋ ಬೇಕು.

ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ನಾವು ಭೇಟಿ ಕೊಟ್ಟ ಮನೆಗಳಲ್ಲಿ ಟಿ.ವಿ. ಒರೆಸುವವರು ಹೆಂಗಸರು, ರಿಮೋಟ್ ಇರುವುದು ಗಂಡಸರ ಅಥವಾ ಹುಡುಗರ ಕೈಯಲ್ಲಿ. "ನನಗ ಗೊತ್ತಾಗಂಗಿಲ್ರಿ, ಎಲ್ಲೆರ ಒತ್ತಿದ್ರ ಸುಟ್ಟು ಹೋದೀತು" ಎಂದು ಅಕ್ಕಂದಿರು ಹಿಂದೆ ಸರಿಯುತ್ತಾರೆ. ರಿಮೋಟಿನ ಗುಂಡಿ ಒತ್ತಿದ್ದಕ್ಕೆ ಯಾವ ಟಿ.ವಿ.ಯೂ ಸುಟ್ಟಿಲ್ಲ. ಏನಾದರೂ ಏರುಪೇರು ಆದರೆ ಸೆಟ್ಟಿಂಗ್‌ನಲ್ಲಿ ರೀಸೆಟ್ ಇದ್ದೇ ಇದೆ. ಬ್ಯಾಂಕಿನ ಪಾಸ್‌ಬುಕ್ ಓದಲು ಕಲಿತವರಿಗೆ ಇದು ಭಾರವಲ್ಲ.

ಕಪ್ಪು ಪಟ್ಟಿ ಯಾಕೆ ಬರುತ್ತದೆ

ಹಳೆಯ ದಪ್ಪ ಡಬ್ಬಿ ಟಿ.ವಿ.ಯ ಪರದೆ 4 ಪಾಲು ಅಗಲ, 3 ಪಾಲು ಎತ್ತರ ಇತ್ತು. ಈಗಿನದು 16 ಪಾಲು ಅಗಲ, 9 ಪಾಲು ಎತ್ತರ. ಹಳೆಯ ಅಳತೆಯ ಚಿತ್ರವನ್ನು ಹೊಸ ಪರದೆಯಲ್ಲಿ ಸರಿಯಾಗಿ ತೋರಿಸಿದರೆ ಅದು ಅಗಲದ ಮುಕ್ಕಾಲು ಭಾಗವನ್ನಷ್ಟೇ ತುಂಬುತ್ತದೆ. ಉಳಿದ ಕಾಲು ಭಾಗ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಖಾಲಿ. 32 ಇಂಚಿನ ಟಿ.ವಿ.ಯ ಅಗಲ ಸುಮಾರು 28 ಇಂಚು. ಆದ್ದರಿಂದ ಒಂದೊಂದು ಕಡೆ ಮೂರೂವರೆ ಇಂಚು ಕಪ್ಪು. ಹೊಲಿಗೆ ಟೇಪ್ ಹಿಡಿದು ಅಳೆಯಿರಿ. ಎರಡೂ ಕಡೆ ಸಮ ಇದ್ದರೆ ಅದು ಅಳತೆಯ ವಿಷಯ. ಪರದೆ ಕೆಟ್ಟು ಬಂದ ಪಟ್ಟಿ ಹೀಗೆ ಎರಡೂ ಕಡೆ ಲೆಕ್ಕ ಹಾಕಿ ಕೂರುವುದು ಅಪರೂಪ. ಡಾ. ರಾಜ್‌ಕುಮಾರ್ ಅವರ 'ಬೇಡರ ಕಣ್ಣಪ್ಪ' 1954ರ ಚಿತ್ರ. ಅದನ್ನು ನೋಡುವಾಗ ಎಡಬಲದಲ್ಲಿ ಕಪ್ಪು ಬಂದರೆ ಟಿ.ವಿ. ಸರಿಯಾಗಿದೆ ಎಂದೇ ತಿಳಿಯಿರಿ.

ಸಿನಿಮಾಸ್ಕೋಪ್ ಚಿತ್ರಗಳದು ಇದರ ಉಲ್ಟಾ. ಅವು ಟಿ.ವಿ.ಗಿಂತಲೂ ಅಗಲ. ಆದ್ದರಿಂದ ಮೇಲೆ ಕೆಳಗೆ ಕಪ್ಪು ಬರುತ್ತದೆ, 32 ಇಂಚಿನ ಟಿ.ವಿ.ಯಲ್ಲಿ ಎರಡೆರಡು ಇಂಚಿನಷ್ಟು. ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದ ಮದುವೆ ವಿಡಿಯೋವನ್ನು ಟಿ.ವಿ.ಗೆ ಹಾಕಿದರೆ ಅಕ್ಕಪಕ್ಕ ಬಾಗಿಲಗಲ ಕಪ್ಪು ಇರುತ್ತದೆ. ಅದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ.

ಎಲ್ಲ ಚಾನೆಲ್‌ಗಳಲ್ಲೂ ಒಂದೇ ಥರ ಪಟ್ಟಿ ಬಂದರೆ, ಅಥವಾ ನಾಲ್ಕೂ ಕಡೆ ಕಪ್ಪು ಬಂದು ಚಿತ್ರ ನಡುವೆ ಅಂಚೆ ಚೀಟಿಯಂತೆ ಕೂತರೆ ಬಾಕ್ಸಿನ ಹೊಂದಾಣಿಕೆ ನೋಡಬೇಕು. ಕೇಬಲ್‌ನವರು ಬಾಕ್ಸ್ ಬದಲಿಸಿದ ಮೇಲೆ, ಬಾಕ್ಸ್ ರೀಸೆಟ್ ಆದ ಮೇಲೆ, ಮಕ್ಕಳು ರಿಮೋಟ್ ಆಡಿದ ಮೇಲೆ ಇದು ಆಗುತ್ತದೆ. ಬಾಕ್ಸಿನ ರಿಮೋಟ್‌ನಲ್ಲಿ ಮೆನು, ಸೆಟ್ಟಿಂಗ್, ಅಲ್ಲಿ ವಿಡಿಯೋ ಅಥವಾ ಡಿಸ್‌ಪ್ಲೇ, ಅದರೊಳಗೆ ಆಸ್ಪೆಕ್ಟ್ ರೇಶಿಯೋ. ಕಂಪನಿಗೊಂದು ಥರ ಇರುತ್ತದೆ, ಆದರೆ 4:3 ಮತ್ತು 16:9 ಎಂಬ ಅಂಕಿಗಳು ಹೆಚ್ಚಿನವುಗಳಲ್ಲಿ ಇರುತ್ತವೆ. ಅಂಕಿ ಓದಲು ಇಂಗ್ಲಿಷ್ ಬೇಕಿಲ್ಲ. 16:9 ಆರಿಸಿ. ಆಮೇಲೆ ಟಿ.ವಿ.ಯ ರಿಮೋಟ್‌ನಲ್ಲಿಯೂ ಪಿಕ್ಚರ್ ಸೈಜ್ 16:9 ಇದೆಯೋ ನೋಡಿ. ಎರಡೂ ಒಂದೇ ಆಗಬೇಕು. ಬಾಕ್ಸ್ ಒಂದು ಅಳತೆ, ಟಿ.ವಿ. ಒಂದು ಅಳತೆ ಹಿಡಿದರೆ ಅತ್ತೆ ಸೊಸೆ ಜಗಳದ ಹಾಗೆ ನಡುವೆ ಚಿತ್ರ ಸೊರಗುತ್ತದೆ.

ಜೂಮ್ ಗುಂಡಿ ಒತ್ತಿ ಕಪ್ಪು ಓಡಿಸುವವರು ಬಹಳ. ಓಡುತ್ತದೆ ನಿಜ, ಆದರೆ ಚಿತ್ರದ ಮೇಲಿನ ಮತ್ತು ಕೆಳಗಿನ ಅಂಚು ಪರದೆಯ ಹೊರಗೆ ಹೋಗುತ್ತದೆ. ಸುದ್ದಿ ಚಾನೆಲ್‌ಗಳಲ್ಲಿ ಕೆಳಗೆ ಓಡುವ ಬರಹ ಇರುವುದು ಅಲ್ಲಿಯೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿದೆ. ನದಿಗೆ ಎಷ್ಟು ನೀರು ಬಿಟ್ಟಿದ್ದಾರೆ, ದಂಡೆಯ ಊರಿನವರು ಏನು ಮಾಡಬೇಕು ಎಂಬುದೆಲ್ಲ ಆ ಸಾಲಿನಲ್ಲಿ ಓಡುವಂಥದ್ದು. ಜೂಮ್ ಇಟ್ಟ ಟಿ.ವಿ.ಯಲ್ಲಿ ಅದು ಕಾಣದೇ ಹೋಗಬಹುದು. ಸ್ಟ್ರೆಚ್ ಅಥವಾ ವೈಡ್ ಇಟ್ಟರೆ ಏನೂ ಕತ್ತರಿಸುವುದಿಲ್ಲ, ಮುಖಗಳು ಮಾತ್ರ ರೊಟ್ಟಿ ತಟ್ಟಿದ ಹಾಗೆ ಅಗಲವಾಗುತ್ತವೆ. ನಮ್ಮ ಅಭಿಪ್ರಾಯ ಕೇಳಿದರೆ ಕಪ್ಪು ಪಟ್ಟಿ ಇದ್ದರೆ ಇರಲಿ, ಚಿತ್ರ ಪೂರ್ತಿ ಕಾಣಲಿ.

ಹೋಗದ ನೆರಳು

ಈಗ ಎರಡನೆಯ ದೂರು. ಅಣೆಕಟ್ಟಿನ ಆ ಗೇಟಿನ ಜಾಗ ಮುಚ್ಚಲು ಸುಮಾರು ಒಂದು ವಾರ ಹಿಡಿಯಿತು. ಭತ್ತದ ಪೈರು ಗದ್ದೆಯಲ್ಲಿತ್ತು, ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಎಲ್ಲರಿಗೂ. ಅಂಥ ದಿನಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದೇ ಸುದ್ದಿ ಚಾನೆಲ್ ಹಾಕಿಡುವುದು ಸಹಜ. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಚಾನೆಲ್ ಗುರುತು, ಅಲುಗಾಡದೆ ಹಾಗೇ ಇರುತ್ತವೆ. ಆಮೇಲೆ ಧಾರಾವಾಹಿ ಹಾಕಿದರೆ ಪಾತ್ರಗಳ ಮುಖದ ಮೇಲೆ ಆ ಪಟ್ಟಿಯ ಮಸುಕು ನೆರಳು! ಕ್ರಿಕೆಟ್ ಸ್ಕೋರಿನ ಡಬ್ಬಿ, ಅಂಗಡಿಯಲ್ಲಿ ದಿನವಿಡೀ ತೋರಿಸುವ ದರಪಟ್ಟಿ, ಚರ್ಚಿನ ಸಭಾಂಗಣದಲ್ಲಿ ಗೀತೆಯ ಸಾಲು ಹಾಕಿ ಹಾಗೇ ಬಿಟ್ಟ ಪರದೆ, ಇವೆಲ್ಲ ಇದೇ ಪೈಕಿ.

ಕಾರಣ ಹೂಳು. ತೂಬಿನ ಬಾಗಿಲನ್ನು ಒಂದೇ ಕಡೆ ಬಹಳ ಹೊತ್ತು ನಿಲ್ಲಿಸಿದರೆ ಅದರ ಬುಡಕ್ಕೆ ಹೂಳು ಕೂತು ಎಳೆದರೂ ಬೇಗ ಏಳುವುದಿಲ್ಲ. ದ್ರವ ಸ್ಫಟಿಕದೊಳಗೂ ಕಣ್ಣಿಗೆ ಕಾಣದ ವಿದ್ಯುತ್ ಅಂಶವುಳ್ಳ ಕಲ್ಮಶ ಸ್ವಲ್ಪ ಇರುತ್ತದೆ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಅದು ಒಂದು ಬದಿಗೆ ಸರಿದು ಕೂರುತ್ತದೆ. ಆಗ ಟಿ.ವಿ. "ತಿರುಗು" ಎಂದರೂ ಅಲ್ಲಿಯ ಕಣಗಳು ಪೂರ್ತಿ ತಿರುಗುವುದಿಲ್ಲ. ಹೀಗಾಗಬಾರದೆಂದೇ ಟಿ.ವಿ.ಯು ತೂಬುಗಳಿಗೆ ಕೊಡುವ ವಿದ್ಯುತ್ತಿನ ದಿಕ್ಕನ್ನು ಸೆಕೆಂಡಿಗೆ ಹಲವು ಹತ್ತು ಸಲ ಅದಲು ಬದಲು ಮಾಡುತ್ತಿರುತ್ತದೆ. ಆದರೂ ಸ್ವಲ್ಪ ಉಳಿಯುತ್ತದೆ. ಬೇಸಿಗೆಯ ಸೆಕೆ, ಗಾಳಿ ಆಡದ ಗೂಡು ಇದ್ದರೆ ಇನ್ನೂ ಹೆಚ್ಚು.

ಸಮಾಧಾನದ ಮಾತೆಂದರೆ ಈ ಹೂಳು ಹೆಚ್ಚಾಗಿ ತಾನೇ ಕರಗುತ್ತದೆ. ಡಬ್ಬಿ ಟಿ.ವಿ.ಯಲ್ಲಿ, ಪ್ಲಾಸ್ಮಾ ಟಿ.ವಿ.ಯಲ್ಲಿ ಹೊಳೆಯುವ ಲೇಪನವೇ ಸವೆದು ಶಾಶ್ವತ ಕಲೆ ಬೀಳುತ್ತಿತ್ತು. ದುಬಾರಿ ಓಲೆಡ್ ಟಿ.ವಿ.ಗಳಿಗೂ ಅಂಥ ಸವೆತ ಉಂಟು. ಎಲ್.ಸಿ.ಡಿ.ಯಲ್ಲಿ ಸವೆಯುವ ಲೇಪನ ಇಲ್ಲ.

ನೆರಳು ಪರದೆಯದೋ ಎಂದು ಖಾತ್ರಿ ಮಾಡಿಕೊಳ್ಳಲು ಬಾಕ್ಸ್ ಆಫ್ ಮಾಡಿ. "ನೋ ಸಿಗ್ನಲ್" ಎಂದು ನೀಲಿ ಪರದೆ ಬರುತ್ತದೆ. ಅದರ ಮೇಲೂ ನೆರಳು ಕಂಡರೆ ಪರದೆಯದು. ಕಾಣದಿದ್ದರೆ ಬಾಕ್ಸಿನಿಂದಲೋ ಚಾನೆಲ್‌ನಿಂದಲೋ ಬರುತ್ತಿದೆ. ಪರದೆಯದಾದರೆ ಟಿ.ವಿ.ಯನ್ನು ಗೋಡೆಯ ಸ್ವಿಚ್‌ನಲ್ಲಿಯೇ ಆರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪರದೆ ತುಂಬ ಚಿತ್ರ ಓಡಾಡುವ ಚಾನೆಲ್ ಎರಡು ಮೂರು ತಾಸು ಹಾಕಿ. ಬ್ಯಾಕ್‌ಲೈಟ್, ಕಾಂಟ್ರಾಸ್ಟ್ ಎರಡನ್ನೂ ಇಳಿಸಿ. ಅಂಗಡಿಯಲ್ಲಿ ನೋಡಿದಾಗ ಇದ್ದ ಕಣ್ಣು ಕುಕ್ಕುವ ಬೆಳಕು ಮನೆಗೆ ಬೇಕಿಲ್ಲ. ಒಂದೇ ದಿನಕ್ಕೆ ಹೋಗದಿದ್ದರೆ ಎರಡು ಮೂರು ದಿನ ಹೀಗೆ ಮಾಡಿ. ವಾರ ಕಳೆದರೂ ಹಾಗೇ ಇದ್ದರೆ ಕಲೆ ಉಳಿದುಕೊಂಡಿದೆ ಎನ್ನಬೇಕಾಗುತ್ತದೆ. ಆಗಲೂ ಮಸುಕು ನೆರಳಿಗೆ ಹೊಸ ಟಿ.ವಿ. ಬೇಕೇ ಎಂದು ಮನೆಯವರು ಕೂತು ಮಾತಾಡಲಿ. ನೆರಳಿನಿಂದ ಟಿ.ವಿ. ಸಿಡಿಯುವುದಿಲ್ಲ, ಕಣ್ಣಿಗೆ ಕೇಡಿಲ್ಲ.

"ಪ್ಯಾನೆಲ್‌ನ್ಯಾಗಿನ ಗ್ಯಾಸ್ ಹೋಗೈತಿ, ತುಂಬಿಸಬೇಕು" ಎಂದು ರಿಪೇರಿಯವರೊಬ್ಬರು ಹೇಳಿದರಂತೆ ಎಂದು ಒಬ್ಬ ಅಕ್ಕ ನಮ್ಮ ಬಳಿ ಹೇಳಿದರು. ಎಲ್.ಸಿ.ಡಿ. ಪರದೆಯಲ್ಲಿ ತುಂಬಿಸುವ ಗ್ಯಾಸ್ ಇಲ್ಲ. ಫ್ರಿಜ್‌ನ ಮಾತನ್ನು ಟಿ.ವಿ.ಗೆ ಹಚ್ಚಿದ್ದು ಅದು.

ನಿಜವಾಗಿ ಕೆಟ್ಟಾಗ

ಮೆನುವನ್ನೂ ಕತ್ತರಿಸುವ, ಮೇಲಿನಿಂದ ಕೆಳಗಿನ ತನಕ ಗೆರೆ ಎಳೆದಂಥ ಪಟ್ಟಿ ಬಂದರೆ ಅದು ಪರದೆಯ ಅಂಚಿನ ಸೂಕ್ಷ್ಮ ತಂತಿಪಟ್ಟಿಗಳ ತೊಂದರೆ ಇರಬಹುದು. ಪರದೆಯ ಮೇಲೆ ನೇರವಾಗಿ ನೀರು ಸಿಂಪಡಿಸಿ ಒರೆಸಿದಾಗ ಹನಿ ಕೆಳಗಿನ ಅಂಚಿಗೆ ಇಳಿದು ಹೀಗಾಗುವುದುಂಟು. ಸುಗ್ಗಿಯಲ್ಲಿ ಭತ್ತದ ಧೂಳು ಕೂತರೆ ಮೆತ್ತನೆಯ ಒಣ ಬಟ್ಟೆ ಸಾಕು. ಬಹಳ ಕೊಳೆ ಇದ್ದರೆ ಬಟ್ಟೆಯನ್ನು ಹಿಂಡಿ ತುಸು ತೇವ ಮಾಡಿಕೊಳ್ಳಿ. ನೀರು ಬಟ್ಟೆಗೆ, ಪರದೆಗಲ್ಲ. ಇಂಥ ಪಟ್ಟಿಗೆ ಪ್ಯಾನೆಲ್ ಬದಲಿಸಬೇಕಾಗಿ ಬಂದರೆ ಹೊಸ ಟಿ.ವಿ.ಯ ಬೆಲೆಯ ಹತ್ತಿರ ಹೋಗುತ್ತದೆ, ಅದು ಸುಳ್ಳಲ್ಲ.

ಧ್ವನಿ ಬರುತ್ತದೆ, ಪರದೆ ಪೂರ್ತಿ ಅಥವಾ ಅರ್ಧ ಕತ್ತಲೆ, ಹೀಗಾದರೆ ಗಾಬರಿ ಆಗಬೇಡಿ. ಕೋಣೆ ಕತ್ತಲೆ ಮಾಡಿ ಬ್ಯಾಟರಿಯನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿಯಿರಿ. ಒಳಗೆ ಚಿತ್ರ ಮಸುಕಾಗಿ ಅಲುಗಾಡುವುದು ಕಂಡರೆ ತೂಬುಗಳು ಸರಿಯಾಗಿವೆ, ಕಾಲುವೆಗೆ ನೀರಿಲ್ಲ. ಹಿಂದಿನ ದೀಪದ ಪಟ್ಟಿ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ ಹೋಗಿರುತ್ತದೆ. ಇದರ ರಿಪೇರಿ ಪ್ಯಾನೆಲ್‌ಗಿಂತ ಬಹಳ ಅಗ್ಗ. ಆದರೆ ಹಿಂದಿನ ಮುಚ್ಚಳ ನೀವಾಗಿ ಬಿಚ್ಚಬೇಡಿ, ಮನೆಯ ಹುಡುಗರಿಗೂ ಬಿಡಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ರಿಪೇರಿಗೆ ಕೊಡುವಾಗ ಇಷ್ಟು ಕೇಳಿ: ಏನು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದುಕೊಡಿ, ಖರ್ಚು ಮೊದಲೇ ಹೇಳಿ, ತೆಗೆದ ಹಳೆಯ ಭಾಗ ವಾಪಸ್ ಕೊಡಿ, ಬಿಲ್ ಕೊಡಿ. ಕಾರಟಗಿ, ಗಂಗಾವತಿಯಲ್ಲಿ ನ್ಯಾಯವಾಗಿ ದುಡಿಯುವ ರಿಪೇರಿಯವರು ಇದ್ದಾರೆ, ಅವರು ಇದಕ್ಕೆ ಬೇಸರ ಮಾಡುವುದಿಲ್ಲ. ವಾರಂಟಿ ಇದ್ದರೆ ಹೊರಗಿನವರಿಂದ ಬಿಚ್ಚಿಸುವ ಮೊದಲು ಕಂಪನಿಗೆ ಫೋನ್ ಮಾಡಿ. ನಿಂತ ಚಿತ್ರದಿಂದ ಆದ ಕಲೆ ವಾರಂಟಿಗೆ ಸೇರುವುದಿಲ್ಲ ಎಂದು ಕೆಲವು ಕಾರ್ಡುಗಳಲ್ಲಿ ಬರೆದಿರುತ್ತಾರೆ, ಓದಿಸಿಕೊಳ್ಳಿ.

ಮೋಸ ಆಗಿದೆ ಎನಿಸಿದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕೆಂದೂ ಇಲ್ಲ. ಬಿಲ್ ಮಾತ್ರ ಬೇಕು. ಬಿಲ್ ಇಲ್ಲದೆ ಬಂದು "ನ್ಯಾಯ ಕೊಡಿಸ್ರಿ ಸಿಸ್ಟರ್" ಎಂದರೆ ನಮ್ಮ ಕೈ ಕಟ್ಟಿದಂತೆ ಆಗುತ್ತದೆ.

ಇನ್ನು ಎಸೆಯಲೇಬೇಕಾದ ಹಳೆಯ ಎಲ್.ಸಿ.ಡಿ.ಯನ್ನು ಹಿತ್ತಲಲ್ಲಿ ಒಡೆಯಬೇಡಿ. ಟ್ಯೂಬಿನಂಥ ದೀಪ ಇರುವ ಹಳೆಯ ಮಾದರಿಗಳ ದೀಪದಲ್ಲಿ ಪಾದರಸ ಇರುತ್ತದೆ. ಮಕ್ಕಳು ಆಡುವ ಜಾಗ ಅದು.

ಸಭೆಯಲ್ಲಿ ಮಾತಾಡಲು: ನಿಮ್ಮ ಸಂಘದಲ್ಲಿ ಈವರೆಗೆ ಟಿ.ವಿ.ಗಾಗಿ ಕೊಟ್ಟ ಸಾಲ ಎಷ್ಟು, ಅದರಲ್ಲಿ ಎಷ್ಟು ಟಿ.ವಿ.ಗಳ ಮೆನು ಪರೀಕ್ಷೆ ಆಗಿತ್ತು? ನಿಮ್ಮ ಮನೆಯ ಬಾಕ್ಸಿನಲ್ಲಿ 4:3 ಇದೆಯೋ 16:9 ಇದೆಯೋ? ಬಿಲ್ಲುಗಳನ್ನು ಎಲ್ಲಿ ಇಡುತ್ತೀರಿ? ಮುಂದಿನ ಸಭೆಗೆ ಬರುವಾಗ ಟಿ.ವಿ.ಯ ರಿಮೋಟನ್ನೂ ಬಾಕ್ಸಿನ ರಿಮೋಟನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನೂ ಕರೆತನ್ನಿ. ಮೆನು, ಜೂಮ್, ಸೈಜ್ ಗುಂಡಿಗಳ ಹೆಸರನ್ನು ಸಣ್ಣ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅವರ ಕೈಯಿಂದಲೇ ಅಂಟಿಸೋಣ. ಚೀಟಿ ಮತ್ತು ಅಂಟು ಟೇಪ್ ನಾವು ತರುತ್ತೇವೆ.